ಮನೆಯಂಗಳ: ಮಣ್ಣು ಕಲಿಸಿದ ಪಾಠ



ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ನಾನು, ನಿವೃತ್ತಳಾದ ಆರು ವರ್ಷಗಳ ಮೇಲೆ ಮತ್ತೆ ವಿದ್ಯಾರ್ಥಿನಿಯಾಗಿ ಮಣೆಯ ಮೇಲೆ ಕುಳಿತ ಪ್ರಸಂಗವನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಸೇರಿದೆ. ಅದನ್ನು ಮುಚ್ಚಿಟ್ಟು ಉಳಿದುದನ್ನಷ್ಟೇ ಬರೆಯಲು ಎರಡು ಬಾರಿ ಯತ್ನಿಸಿದೆ. ಬರಹ ಮುಂದೆ ಸಾಗಲಿಲ್ಲ. ಆದುದರಿಂದ ಇದ್ದುದನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.

ನಮ್ಮ ಧಾರವಾಡದ ಮನೆಯ ಹತ್ತಿರ ಊರ ಹತ್ತು ಜನ ಕೂಡಿ ನಡೆಸುವ ಒಂದು ಕಲಾಕೇಂದ್ರವಿದೆ. ಹಳೆಯ ಹಂಚಿನ ಮನೆ, ಮುಂದೆ ಒಂದು ಬೇವಿನ ಮರ, ಹಿತ್ತಿಲಲ್ಲಿ ವಿದ್ಯುತ್ತಿನ ಭಟ್ಟಿ. ಕಳೆದ ಮಾಘದಲ್ಲಿ ಅಲ್ಲಿ ಮೂರು ತಿಂಗಳ ಕುಂಬಾರಿಕೆ ಮತ್ತು ಮಣ್ಣಿನ ಮೂರ್ತಿಕಲೆಯ ತರಗತಿ ಆರಂಭವಾಯಿತು. ಮೊಬೈಲು ಬಿಟ್ಟು ಕಣ್ಣೆತ್ತದ ಒಂಬತ್ತು ವರ್ಷದ ಮೊಮ್ಮಗಳನ್ನು ಸೊಸೆ ಅಲ್ಲಿಗೆ ಸೇರಿಸಿದಳು. ಮಗು ಹಟ ಹಿಡಿಯಿತು: "ಅಜ್ಜಿ ಬಂದ್ರಷ್ಟ ನಾ ಹೋಗ್ತೀನಿ." ಹೀಗಾಗಿ ಇಬ್ಬರ ಶುಲ್ಕ ಕಟ್ಟಬೇಕಾಯಿತು. ಕೈಗೆ ಮಣ್ಣು ಹತ್ತುವ ತನಕ ಅದು ನನಗೆ ಮೊಮ್ಮಗಳನ್ನು ಕಾಯುವ ಕೆಲಸವಾಗಿತ್ತಷ್ಟೆ.

ಮೊದಲ ಎರಡು ವಾರ ಗಡಿಗೆಯೂ ಇಲ್ಲ, ಮೂರ್ತಿಯೂ ಇಲ್ಲ. ಬರೀ ಮಣ್ಣು ನಾದುವುದು. ರೊಟ್ಟಿಯ ಹಿಟ್ಟು ನಾದಿದ ಕೈಗಳಿಗೆ ಇದೇನು ಮಹಾ ಎಂದುಕೊಂಡಿದ್ದೆ. ಅರ್ಧ ಗಂಟೆಯಲ್ಲಿ ಭುಜ ಸೋತವು. ಮಣ್ಣಿನೊಳಗಿನ ಗಾಳಿಗುಳ್ಳೆಗಳು ಹೊರಟುಹೋಗಿ, ಹದ ಎಲ್ಲ ಕಡೆಗೂ ಒಂದೇ ಆಗಬೇಕು. ತಂತಿಯಿಂದ ಮುದ್ದೆಯನ್ನು ಸೀಳಿ ನೋಡಿದರೆ ಸೀಳು ಬೆಣ್ಣೆಯಂತೆ ನುಣುಪಾಗಿರಬೇಕು. ಸಣ್ಣ ರಂಧ್ರವೊಂದು ಕಂಡರೂ ಮತ್ತೆ ನಾದಬೇಕು.

ನಮ್ಮ ಕೇಂದ್ರಕ್ಕೆ ಮಣ್ಣು ಖಾನಾಪುರದ ಕಡೆಯಿಂದ ಬರುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ನಮ್ಮ ಹೊಲಗಳ ಎರೆಮಣ್ಣು ಬೆಳೆಗೆ ಎಷ್ಟು ಒಳ್ಳೆಯದೋ ಗಡಿಗೆಗೆ ಅಷ್ಟೇ ಕಷ್ಟದ್ದು. ಅದು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಬಿರಿಯುತ್ತದೆ. ಬಾಲ್ಯದಲ್ಲಿ ನಾನು ಮಾಡಿದ ಮಣ್ಣೆತ್ತುಗಳ ಕೊಂಬು ಸಂಜೆಯೊಳಗೆ ಉದುರಿ ಬೀಳುತ್ತಿದ್ದುದೇಕೆ ಎಂಬುದು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು.

ಮೂರನೆಯ ವಾರ ತಿಗರಿಯ ಮುಂದೆ ಕುಳಿತೆವು. ತಿರುಗುವ ಗಾಲಿಯ ನಟ್ಟನಡುವೆ ಮುದ್ದೆಯನ್ನು ನಿಲ್ಲಿಸುವುದೇ ಮೊದಲ ವಿದ್ಯೆ. ನಡುವಿನಿಂದ ಒಂದು ಎಳೆಯಷ್ಟು ಸರಿದರೂ ಗೋಡೆ ಎತ್ತುವಾಗ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ತೆಳುವಾಗಿ ಇಡೀ ಪಾತ್ರೆ ಓಲಾಡಿ ಮಡಚಿ ಬೀಳುತ್ತದೆ. ಬಲದಿಂದ ಒತ್ತಿದಷ್ಟೂ ಮಣ್ಣು ಕೈಯನ್ನೇ ದೂಡುತ್ತದೆ. ಮೊಣಕೈಯನ್ನು ತೊಡೆಗೆ ಊರಿ, ಉಸಿರು ಹಿಡಿದು, ಕೈಯನ್ನು ಅಲುಗಾಡದಂತೆ ಇರಿಸಿದರೆ ಮಣ್ಣು ತಾನೇ ನಡುವಿಗೆ ಬರುತ್ತದೆ. ಇಷ್ಟು ಕಲಿಯಲು ನನಗೆ ಹನ್ನೊಂದು ತರಗತಿಗಳು ಬೇಕಾದವು. ಮೊಮ್ಮಗಳು ನಾಲ್ಕರಲ್ಲಿ ಕಲಿತಳು.

ನಮಗೆ ಕಲಿಸುತ್ತಿದ್ದವರು ಚಿತ್ರಕಲೆಯಲ್ಲಿ ಪದವಿ ಪಡೆದ ತರುಣ ಶಿಕ್ಷಕರು, ಸಜ್ಜನರು, ತಾಳ್ಮೆಯುಳ್ಳವರು. ಅವರನ್ನು ಎಲ್ಲರೂ "ಸರ್" ಎನ್ನುತ್ತಿದ್ದರು. ಅವರ ಜೊತೆಗೆ ಇನ್ನೊಬ್ಬರಿದ್ದರು. ಹತ್ತಿರದ ಹಳ್ಳಿಯ ಕುಂಬಾರರು, ಎಪ್ಪತ್ತು ದಾಟಿದವರು. ಮಣ್ಣು ಸೋಸುವುದು, ತುಳಿಯುವುದು, ಒಣಗಿದ ಪಾತ್ರೆಗಳನ್ನು ಭಟ್ಟಿಯಲ್ಲಿ ಜೋಡಿಸುವುದು ಅವರ ಕೆಲಸ. ದಿನಗೂಲಿಯ ಲೆಕ್ಕ. ಮಕ್ಕಳು ಅವರನ್ನು "ಏ ಅಜ್ಜಾ, ನೀರ ತಾ" ಎಂದು ಕೂಗುತ್ತಿದ್ದರು. ಅದು ತಪ್ಪೆಂದು ಅಲ್ಲಿದ್ದ ಹಿರಿಯರಾದ ನಮಗೆ ಯಾರಿಗೂ ತೋರಲಿಲ್ಲ. ನನಗಂತೂ ತೋರಲು ಸಾಧ್ಯವೇ ಇರಲಿಲ್ಲ. ಏಕೆಂದರೆ ನಾನು ಬೆಳೆದದ್ದೂ ಹಾಗೆಯೆ.

ನನ್ನ ತವರಿನ ಊರಿನಲ್ಲಿ ಕುಂಬಾರರ ಮನೆ ನಮ್ಮ ಓಣಿಯ ಕೊನೆಗೆ ಇತ್ತು. ಮದುವೆ ಬಂದರೆ ವಾದ್ಯ ಊದಿಸಿಕೊಂಡು ಹೋಗಿ ಅವರ ಮನೆಯಿಂದ ಐರಣಿ ಗಡಿಗೆಗಳನ್ನು ತರುತ್ತಿದ್ದೆವು. ಅವು ಬಾರದೆ ಹಂದರದ ಕೆಳಗೆ ಶಾಸ್ತ್ರ ನಡೆಯುತ್ತಿರಲಿಲ್ಲ. ಬೇಸಿಗೆಯ ಹರವಿ, ದೀಪಾವಳಿಯ ಪಣತಿ, ಸತ್ತಾಗ ಬೇಕಾಗುವ ಮಗಿ ಎಲ್ಲವೂ ಅವರದೇ. ಇದಕ್ಕೆಲ್ಲ ಪ್ರತಿಫಲವಾಗಿ ಸುಗ್ಗಿಯಲ್ಲಿ ಕಣದಿಂದ ಆಯದ ಜೋಳ ಅಳೆದು ಕೊಡುವ ಪದ್ಧತಿ. ನಮ್ಮ ತಂದೆಯವರು ಧರ್ಮಭೀರುಗಳು, ಪೂಜೆ ತಪ್ಪಿಸಿದವರಲ್ಲ. ಆದರೂ ರಾಶಿಯ ಮೇಲ್ಭಾಗದ ಕಾಳು ಮನೆಗೆ ಬರುತ್ತಿತ್ತು, ಹೊಟ್ಟು ಬೆರೆತ ತಳದ ಕಾಳು ಆಯಗಾರರಿಗೆ ಹೋಗುತ್ತಿತ್ತು. ಹತ್ತು ವರ್ಷದ ಹುಡುಗಿಯಾದ ನಾನು ಅರವತ್ತು ವರ್ಷದ ಆ ಹಿರಿಯರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಅವರ ಕೊರಳಲ್ಲಿಯೂ ಲಿಂಗವಿತ್ತು, ನಮ್ಮ ಕೊರಳಲ್ಲಿಯೂ ಲಿಂಗವಿತ್ತು. ಆದರೆ ಅವರು ನಮ್ಮ ಪಡಸಾಲೆಯ ಗಾದಿಯ ಮೇಲೆ ಕುಳಿತುದನ್ನು ನಾನು ಒಮ್ಮೆಯೂ ಕಂಡಿಲ್ಲ.

ಬಸವ ಜಯಂತಿಯ ದಿನ ಕೇಂದ್ರದಲ್ಲಿ ಪ್ರದರ್ಶನವೆಂದು ಗೊತ್ತಾಯಿತು. ಪ್ರತಿಯೊಬ್ಬರೂ ಒಂದೊಂದು ಮೂರ್ತಿ ಮಾಡಬೇಕು. ಮೊಮ್ಮಗಳು ಜೋಡೆತ್ತುಗಳನ್ನು ಆರಿಸಿಕೊಂಡಳು. ನಾನು ಕುಂಬಾರ ಗುಂಡಯ್ಯ ಶರಣರ ಮೂರ್ತಿಯನ್ನು ಆರಿಸಿಕೊಂಡೆ. ಬೀದರ ಜಿಲ್ಲೆಯ ಭಾಲ್ಕಿಯ ಈ ಶರಣರ ಕಥೆ ತಮಗೆಲ್ಲ ತಿಳಿದದ್ದೇ. ಗಡಿಗೆ ತಟ್ಟುವ ಅವರ ಕೈಯ ನಾದಕ್ಕೆ ಒಲಿದು ಶಿವನೇ ಬಂದು ಕುಣಿದನೆಂಬುದು ಪುರಾಣ. ಹರಿಹರ ಕವಿ ಅವರ ಮೇಲೆ ಒಂದು ರಗಳೆಯನ್ನೇ ರಚಿಸಿದ್ದಾನೆ. ಅವರ ಪತ್ನಿ ಕೇತಲದೇವಿಯವರು ಸ್ವತಃ ವಚನಕಾರ್ತಿ. ಇಂಥವರ ಮೂರ್ತಿಯನ್ನು ಮಣ್ಣಿನಲ್ಲಿಯೇ ಮಾಡುವುದಕ್ಕಿಂತ ಯೋಗ್ಯವಾದುದು ಯಾವುದಿದೆ ಎಂದು ನಾನು ಹೆಮ್ಮೆಪಟ್ಟೆ.

ಒಂದು ಗೇಣು ಎತ್ತರದ ಮೂರ್ತಿ. ಕುಳಿತ ಭಂಗಿ, ತೊಡೆಯ ಮೇಲೆ ಗಡಿಗೆ, ಎತ್ತಿದ ಬಲಗೈ. ಹತ್ತು ದಿನ ಅದರಲ್ಲೇ ಮುಳುಗಿದ್ದೆ. ಮೂರ್ತಿ ಮುಗಿದಾಗ ಪ್ರದರ್ಶನಕ್ಕೆ ಒಂದು ವಾರ ಉಳಿದಿತ್ತು. ಬೇಸಿಗೆಯ ಬಿಸಿಲಿಗೆ ಎರಡೇ ದಿನಗಳಲ್ಲಿ ಮೈ ಬೆಳ್ಳಗಾಗಿ ಒಣಗಿದಂತೆ ಕಂಡಿತು. ಭಟ್ಟಿಗೆ ಇಡೋಣವೆಂದು ಎಲ್ಲರೂ ಅವಸರಪಟ್ಟೆವು.

ಆಗ ಆ ಹಿರಿಯರು ಮೂರ್ತಿಯನ್ನು ಎತ್ತಿ, ಅದರ ತಳವನ್ನು ತಮ್ಮ ಕೆನ್ನೆಗೆ ತಾಗಿಸಿ ನೋಡಿದರು. ಮೊಮ್ಮಗಳ ಎತ್ತುಗಳನ್ನೂ ಹಾಗೆಯೇ ನೋಡಿದರು. "ಅಕ್ಕೋರ, ಮ್ಯಾಲ ಒಣಗೈತ್ರಿ, ಒಳಗ ಹಸಿ ಐತ್ರಿ. ಎಂಟ ದಿನಾ ನೆರಳಾಗ ಇರಲಿ. ಒಳಗ ಒಂದೀಟು ಕೆತ್ತಿ ಪೊಳ್ಳ ಮಾಡಿದ್ರ ಇನ್ನೂ ಚಲೋ" ಎಂದರು.

ಶಿಕ್ಷಕರು ಅಂದು ಊರಲ್ಲಿರಲಿಲ್ಲ. ಕರಪತ್ರಗಳು ಅಚ್ಚಾಗಿದ್ದವು. ನೆರೆದವರಲ್ಲಿ ನಾನೇ ಹಿರಿಯಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದ ಮಾತು ಇದು: "ನಿನಗೇನು ಗೊತ್ತದ? ಇದು ನಿನ್ನ ಆವಿಗಿ ಅಲ್ಲ, ಕರೆಂಟಿನ ಭಟ್ಟಿ. ಸುಮ್ಮನ ಇಡು."

ಅವರು ಮರುಮಾತಾಡದೆ ಇಟ್ಟರು.

ಸಂಜೆಯ ಹೊತ್ತಿಗೆ ಭಟ್ಟಿಯೊಳಗಿನಿಂದ ಪಟಾಕಿ ಸಿಡಿದಂಥ ಸದ್ದು ಕೇಳಿಸಿತು. ಒಂದಲ್ಲ, ಐದಾರು ಬಾರಿ. ಮರುದಿನ ಬಾಗಿಲು ತೆಗೆದಾಗ ನನ್ನ ಗುಂಡಯ್ಯನವರ ಎದೆ ಮತ್ತು ಹೊಟ್ಟೆಯ ಭಾಗ ಚೂರುಚೂರಾಗಿತ್ತು. ಎತ್ತುಗಳಲ್ಲಿ ಒಂದಕ್ಕೆ ತಲೆ ಇರಲಿಲ್ಲ. ಸಿಡಿದ ತುಣುಕುಗಳು ಬಡಿದು ಬೇರೆಯವರ ಮೂರು ಬಟ್ಟಲುಗಳೂ ಒಡೆದಿದ್ದವು. ಮೊಮ್ಮಗಳು ತಲೆಯಿಲ್ಲದ ಎತ್ತನ್ನು ಹಿಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಆಕೆ ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ: "ಅಜ್ಜಿ, ಆ ಅಜ್ಜ ಹೇಳಿದ್ರಲ್ಲ, ನೀ ಯಾಕ ಕೇಳಲಿಲ್ಲ?"

ಇದು ನಡೆದ ಕಾರಣವನ್ನು ಶಿಕ್ಷಕರು ಊರಿನಿಂದ ಬಂದ ಮೇಲೆ ವಿವರಿಸಿದರು. ಒಳಗೆ ಉಳಿದ ತೇವ ನೂರು ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಆವಿಯಾಗುತ್ತದೆ. ನೀರು ಆವಿಯಾದಾಗ ಅದಕ್ಕೆ ಸುಮಾರು 1,600 ಪಟ್ಟು ಹೆಚ್ಚು ಸ್ಥಳ ಬೇಕು. ತೆಳುವಾದ ಗೋಡೆಯಲ್ಲಿ ಅದು ಮೆಲ್ಲನೆ ಹೊರಬರುತ್ತದೆ. ದಪ್ಪ ಮುದ್ದೆಯಲ್ಲಿ ದಾರಿಯಿಲ್ಲದೆ ಸಿಡಿಯುತ್ತದೆ. ಮೂರ್ತಿಯ ಗೋಡೆ ಹೆಬ್ಬೆರಳಿನ ದಪ್ಪ ಮೀರದಂತೆ ಒಳಗನ್ನು ಪೊಳ್ಳು ಮಾಡಿ, ತಳಕ್ಕೆ ಒಂದು ಸಣ್ಣ ತೂತು ಬಿಡಬೇಕೆಂಬುದು ಇದಕ್ಕಾಗಿಯೆ. ಕೆನ್ನೆಗೆ ತಾಗಿಸುವುದರ ಅರ್ಥವೂ ಇದೇ: ಒಳಗೆ ತೇವವಿದ್ದರೆ ಅದು ಆರುವಾಗ ಮಣ್ಣು ತಂಪಾಗಿ ತಾಗುತ್ತದೆ, ಪೂರ್ತಿ ಒಣಗಿದ್ದರೆ ತಂಪಿರದು. ಹರವಿಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿಯದೂ. ಭಟ್ಟಿ ಸೌದೆಯದಾದರೇನು, ವಿದ್ಯುತ್ತಿನದಾದರೇನು, ನೀರಿಗೆ ಎರಡೂ ಒಂದೇ. ಐವತ್ತು ವರ್ಷ ಆವಿಗೆ ಒಟ್ಟಿದ ಆ ಹಿರಿಯರಿಗೆ ಇದು ಕೆನ್ನೆಯಿಂದಲೇ ತಿಳಿದಿತ್ತು. ವಿಜ್ಞಾನದ ಪಾಠವನ್ನೂ ಹೇಳಿಕೊಟ್ಟ ನನಗೆ ತಿಳಿಯಲಿಲ್ಲ.

ಆದರೆ ನನ್ನನ್ನು ಕಾಡಿದ್ದು ವಿಜ್ಞಾನವಲ್ಲ. ಕೈಯಲ್ಲಿ ಕುಂಬಾರ ಶರಣರ ಮೂರ್ತಿಯನ್ನು ಹಿಡಿದುಕೊಂಡೇ ಎದುರು ನಿಂತ ಕುಂಬಾರರಿಗೆ "ನಿನಗೇನು ಗೊತ್ತದ" ಎಂದಿದ್ದೆನಲ್ಲ! ಕಾಯಕದ ಬಗೆಗೆ ಈ ಅಂಕಣದಲ್ಲಿಯೇ ಎಷ್ಟು ಸಲ ಬರೆದಿಲ್ಲ? ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಮುಂಚಿತವಾಗಿಯೇ ಕೇಂದ್ರಕ್ಕೆ ಹೋದೆ. ಅವರು ಬೇವಿನ ಕೆಳಗೆ ಕುಳಿತು ಒಡೆದ ಚೂರುಗಳನ್ನು ಕುಟ್ಟಿ ಪುಡಿ ಮಾಡುತ್ತಿದ್ದರು. ಸುಟ್ಟ ಚೂರಿನ ಪುಡಿಯನ್ನು ಹೊಸ ಮಣ್ಣಿಗೆ ಬೆರೆಸಿದರೆ ಅದು ಬಿರುಕು ಬಿಡುವುದು ಕಡಿಮೆಯೆಂದು ಆಮೇಲೆ ತಿಳಿಯಿತು. ನಾನು ಅವರ ಎದುರಿಗೆ ನೆಲದ ಮೇಲೆ ಕುಳಿತು, "ಅಣ್ಣಾರ, ಮೊನ್ನೆ ನಾನು ಆಡಬಾರದ ಮಾತು ಆಡಿದೆ. ಕ್ಷಮಿಸ್ರಿ" ಎಂದೆ. ಅವರು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ತಪ್ಪು ನಿಮ್ಮೊಬ್ಬರದಲ್ರಿ ಅಕ್ಕೋರ. ನಮ್ಮ ಮಾತು ಕೇಳೂ ರೂಢಿನ ಯಾರಿಗೂ ಇಲ್ರಿ."

ಅಂದು ಅವರೊಡನೆ ಬಹಳ ಹೊತ್ತು ಮಾತಾಡಿದೆ. ಇಬ್ಬರು ಗಂಡುಮಕ್ಕಳು. ಒಬ್ಬ ಹುಬ್ಬಳ್ಳಿಯಲ್ಲಿ ಟಂಟಂ ಓಡಿಸುತ್ತಾನೆ, ಇನ್ನೊಬ್ಬ ಕಾರ್ಖಾನೆಯಲ್ಲಿ. ತಿಗರಿಯನ್ನು ಇಬ್ಬರೂ ಮುಟ್ಟುವುದಿಲ್ಲ. ಅಟ್ಟದ ಮೇಲೆ ಪ್ಲಾಸ್ಟಿಕ್ ಕೊಡ ಬಂದಿತು, ಅಡಿಗೆಮನೆಗೆ ಸ್ಟೀಲು ಬಂದಿತು, ಫ್ರಿಜ್ಜು ಬಂದಿತು. ಕೆರೆಯ ಮಣ್ಣು ತರುವುದಕ್ಕೂ ಈಗ ತಕರಾರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನಾವು ಮಕ್ಕಳಿಗೆ ಎಚ್ಚರಿಕೆ ಹೇಳಲು ಬಳಸುತ್ತೇವೆ; ಆ ವರುಷದ ದುಡಿಮೆಗೆ ಏನು ಕೊಟ್ಟೆವೆಂದು ಕೇಳಿಕೊಳ್ಳುವುದಿಲ್ಲ. ಮಕ್ಕಳಿಗೆ ಈ ವಿದ್ಯೆ ಕಲಿಸಲಿಲ್ಲವೆ ಎಂದು ಕೇಳಿದುದಕ್ಕೆ ಅವರು ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ನೀವು ಕಲತ್ರ ಹವ್ಯಾಸ ಅಂತಾರ್ರಿ. ನನ್ನ ಮಗ ಕಲತ್ರ ಹೆಣ್ಣ ಕೊಡೂದಿಲ್ರಿ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಓದುಗರಲ್ಲಿ ಇದ್ದರೆ ದಯವಿಟ್ಟು ಹೇಳಬೇಕು. ನಮ್ಮ ವಧೂವರರ ಅನ್ವೇಷಣೆಯ ಪಟ್ಟಿಗಳನ್ನು ತೆರೆದು ನೋಡಿದರೆ ಅವರ ಮಾತು ಸುಳ್ಳಲ್ಲವೆಂದು ಗೊತ್ತಾಗುತ್ತದೆ. ಶರಣರ ಜಯಂತಿಯಲ್ಲಿ ಕಾಯಕವನ್ನು ಕೊಂಡಾಡುವ ನಾವು, ಮಗಳನ್ನು ಕೊಡುವಾಗ ನೌಕರಿಯ ಪತ್ರವನ್ನೇ ಕೇಳುತ್ತೇವೆ.

ನನ್ನಿಂದಾದುದು ಸ್ವಲ್ಪ. ಶಿಕ್ಷಕರೂ ನಾನೂ ಕೂಡಿ ಕೇಂದ್ರದ ಹಿರಿಯರ ಮುಂದೆ ಈ ಮಾತನ್ನಿಟ್ಟೆವು. ಎರಡು ಸಭೆಗಳಲ್ಲಿ ಚರ್ಚೆಯಾಯಿತು. "ಪದವಿ ಇಲ್ಲದವರಿಗೆ ಶಿಕ್ಷಕರ ಸಂಭಾವನೆ ಹೇಗೆ ಕೊಡುವುದು?" ಎಂದವರೂ ಇದ್ದರು. ಕೊನೆಗೆ ವಾರಕ್ಕೆ ಒಂದು ದಿನ ಅವರೇ ತರಗತಿ ನಡೆಸುವುದೆಂದೂ, ಅಂದಿನ ಸಂಭಾವನೆ ಇಬ್ಬರಿಗೂ ಸಮಾನವೆಂದೂ ತೀರ್ಮಾನವಾಯಿತು. ಉಳಿದ ದಿನಗಳಿಗೆ ಇನ್ನೂ ಹಳೆಯ ಕೂಲಿಯೇ ಇದೆ. ಆ ಮಾತು ಮುಗಿದಿಲ್ಲ. ಫಲಕದ ಮೇಲೆ ಶಿಕ್ಷಕರ ಹೆಸರಿನ ಕೆಳಗೆ ಅವರ ಹೆಸರು ಬಂದಿದೆ. ಮಕ್ಕಳು ಈಗ "ಗುರುಗಳ" ಎನ್ನುತ್ತಾರೆ. ಮೊದಮೊದಲು ಅವರು ತಮ್ಮನ್ನು ಕರೆದರೆಂದು ತಿಳಿಯದೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

ಪ್ರದರ್ಶನದಲ್ಲಿ ನನ್ನ ಹೆಸರಿನ ಮುಂದೆ ಒಡೆದ ಮೂರ್ತಿಯ ಎತ್ತಿದ ಬಲಗೈಯೊಂದನ್ನೇ ಇಟ್ಟೆ. ನೋಡಿದವರು ಕೇಳಿದರು, ನಾನು ನಡೆದುದನ್ನು ಹೇಳಿದೆ.

ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಆ ಹಿರಿಯರನ್ನು ದಂಪತಿ ಸಹಿತ ಮನೆಗೆ ಪ್ರಸಾದಕ್ಕೆ ಕರೆದೆ. ಪಡಸಾಲೆಯಲ್ಲಿ ಓಣಿಯ ಹತ್ತಾರು ಮಕ್ಕಳು ಅವರ ಸುತ್ತ ಕುಳಿತು ಎತ್ತು ಮಾಡಿದರು. ಕೊಂಬನ್ನು ಮೇಲಿಂದ ಅಂಟಿಸಬಾರದು, ತಲೆಯ ಮಣ್ಣಿನಿಂದಲೇ ಹಿಂಜಿ ಎತ್ತಬೇಕೆಂದು ತೋರಿಸಿಕೊಟ್ಟರು. ಅಂಟಿಸಲೇಬೇಕಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳು ಮಣ್ಣಿನ ರಾಡಿ ಸವರಿ ಒತ್ತಬೇಕಂತೆ. ಮೊಮ್ಮಗಳ ಎತ್ತುಗಳ ಕೊಂಬು ಮರುದಿನವೂ ಉದುರಿರಲಿಲ್ಲ. ಊಟದ ಪಂಕ್ತಿಯಲ್ಲಿ ಅವರು ಕೊನೆಯ ಎಲೆಗೆ ಹೋಗಿ ಕುಳಿತುಕೊಳ್ಳಲು ಹೊರಟರು. ನನ್ನ ಮಗ ಎದ್ದು ಹೋಗಿ ಅವರ ಕೈಹಿಡಿದು ತನ್ನ ಪಕ್ಕಕ್ಕೆ ಕರೆತಂದ. ನಾನು ಹೇಳಿಕೊಟ್ಟಿರಲಿಲ್ಲ.

ಕೊನೆಯದಾಗಿ ನಮ್ಮ ಮನೆಮನೆಗಳಿಗೆ ಕೆಲವು ಮಾತುಗಳು.

ನಮ್ಮ ಉತ್ತರ ಕರ್ನಾಟಕದ ವರ್ಷದಲ್ಲಿ ಮಣ್ಣಿನ ಹಬ್ಬಗಳಿಗೆ ಕೊರತೆಯಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳ ಗುಳ್ಳವ್ವ, ಪಂಚಮಿಯ ನಾಗಪ್ಪ, ಭಾದ್ರಪದದ ಜೋಕುಮಾರ. ಇವನ್ನು ಅಂಗಡಿಯಿಂದ ತಾರದೆ ಮಕ್ಕಳ ಕೈಯಿಂದ ಮಾಡಿಸಿರಿ. ಯಾವ ಮೂರ್ತಿಯನ್ನೇ ಕೊಳ್ಳುವುದಿದ್ದರೂ ಮಣ್ಣಿನದನ್ನು ಕೊಳ್ಳಿರಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಸಲ್ಲವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿಯೇ ಇದೆ.

ತರಗತಿಗೆ ಸೇರುವವರು ಅವಸರ ಬಿಡಬೇಕು. ಹಸಿಯ ಪಾತ್ರೆಯನ್ನು ಬಿಸಿಲಿಗಿಡದೆ, ಬಟ್ಟೆ ಮುಚ್ಚಿ ನೆರಳಿನಲ್ಲಿ ಆರಿಸಬೇಕು. ಕೆನ್ನೆಗೆ ತಂಪು ತಾಗುವುದು ನಿಲ್ಲುವ ತನಕ ಬೆಂಕಿಗೆ ಕೊಡಬಾರದು. ಮನೆಯ ಎರೆಮಣ್ಣೇ ಗತಿಯಾದರೆ ನುಣ್ಣನೆಯ ಉಸುಕನ್ನು ಬೆರೆಸಿರಿ.

ಪರಿಚಯದ ಕುಂಬಾರ ಕುಟುಂಬಗಳಿದ್ದರೆ ಅವರಿಗೆ ಒಂದು ವಿಷಯ ತಿಳಿಸಿರಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿ, ಉಪಕರಣಗಳಿಗೆ 15,000 ರೂಪಾಯಿಗಳವರೆಗೆ ನೆರವು, ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿಗಳವರೆಗೆ ಶೇಕಡಾ 5ರ ಬಡ್ಡಿಯ ಸಾಲ ಅದರಲ್ಲಿದೆ. ಅರ್ಜಿ ತುಂಬುವುದು ಅವರಿಗೆ ತೊಡಕಾಗಬಹುದು. ನಮ್ಮ ಮನೆಯ ಓದಿದ ಮಕ್ಕಳು ಅರ್ಧ ದಿನ ಅವರೊಡನೆ ಹೋಗಿ ಬಂದರೆ ಅದೊಂದು ಒಳ್ಳೆಯ ಸೇವೆ.

ಇಷ್ಟರ ಜೊತೆಗೆ ಒಂದು ಗಡಿಗೆಯನ್ನಾದರೂ ಚೌಕಾಸಿ ಮಾಡದೆ ಕೊಳ್ಳಿರಿ. ಕೊಳ್ಳುವಾಗ ಬಹುವಚನದಲ್ಲಿ ಮಾತಾಡಿರಿ. ನನ್ನ ಗುಂಡಯ್ಯನವರ ಮೂರ್ತಿಯನ್ನು ಮತ್ತೆ ಮಾಡುತ್ತಿದ್ದೇನೆ. ಹಳೆಯ ಮೂರ್ತಿಯ ಚೂರುಗಳ ಪುಡಿಯನ್ನೇ ಹೊಸ ಮಣ್ಣಿಗೆ ಬೆರೆಸಿ ಗುರುಗಳು ನಾದಿಕೊಟ್ಟಿದ್ದಾರೆ. ಈ ಸಲ ಒಳಗನ್ನು ಪೊಳ್ಳು ಮಾಡಿದ್ದೇನೆ. ನೆರಳಿನಲ್ಲಿದೆ. ಯಾವಾಗ ಸುಡಬೇಕೆಂಬುದನ್ನು ಅವರೇ ಹೇಳುವರು.